ಒಂದು ಮಳೆಗಾಲ ನೋಡಿ ಆಮೇಲೆ ಮನೆ ತಗೋ

ಪ್ರೀತಿಯ ಪುಟ್ಟಾ,

ಮಂಗಳೂರಿನ ಕಾವೂರಿನಲ್ಲಿ ನೋಡಿದ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡಲಾ ಎಂದು ನೀನು ಕೇಳಿದ್ದೆ. ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದು ನಿನ್ನ ಅಮ್ಮ, ಅಂದರೆ ನನ್ನ ಅಕ್ಕ, ದಿನಾ ಹೇಳುತ್ತಾಳಂತೆ. ಅವಳ ಆಸೆ ನನಗೆ ಅರ್ಥವಾಗುತ್ತದೆ. ನಾವಿಬ್ಬರೂ ಬೆಳೆದದ್ದೇ ಬಾಡಿಗೆ ಮನೆಗಳಲ್ಲಿ. ಗೋಡೆಗೆ ಒಂದು ಮೊಳೆ ಹೊಡೆಯಲೂ ಓನರನ್ನು ಕೇಳಬೇಕಿತ್ತು. ಆದರೂ ಈಗಲೇ ಬೇಡ ಅನ್ನುತ್ತೇನೆ.

ಕೂತು ಲೆಕ್ಕ ಹಾಕಿದೆ. ಫ್ಲ್ಯಾಟಿಗೆ 50 ಲಕ್ಷ. ಬ್ಯಾಂಕಿನವರು 40 ಲಕ್ಷ ಕೊಟ್ಟರೂ ಉಳಿದ 10 ನಿನ್ನ ಕೈಯಿಂದಲೇ ಹೋಗಬೇಕು. ಅದರ ಮೇಲೆ ಸ್ಟ್ಯಾಂಪು, ರಿಜಿಸ್ಟ್ರೇಶನ್ನು ಅಂತ ಹತ್ತಿರ ಹತ್ತಿರ 4 ಲಕ್ಷ. ಶೇ. 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ತಿಂಗಳಿಗೆ 34,700 ರೂಪಾಯಿ ಕಂತು. ಮೊದಲನೇ ಕಂತಿನಲ್ಲಿ 28,000ಕ್ಕಿಂತ ಜಾಸ್ತಿ ಬರೀ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಆರು ಸಾವಿರ ಚಿಲ್ಲರೆ. ಈಗ ನೀನು ಕೊಡುತ್ತಿರುವ ಬಾಡಿಗೆ 14,000. ಹೊಳೆಗೆ ಹೋಗುವ ದುಡ್ಡು ಯಾವುದರಲ್ಲಿ ಜಾಸ್ತಿ, ನೀನೇ ಹೇಳು. ಒಂದು ಮಾತು, ಉಳಿಯುವ 20,000ವನ್ನು ತಿಂಗಳು ತಿಂಗಳು ಬ್ಯಾಂಕಿನ ಆರ್‌ಡಿಗೆ (ರಿಕರಿಂಗ್ ಡೆಪಾಸಿಟ್) ಹಾಕಬೇಕು. ಖರ್ಚು ಮಾಡಿ ಕೂತರೆ ಅಕ್ಕ ಹೇಳಿದ್ದೇ ಸರಿ.

ದುಡ್ಡಿಗಿಂತ ನನಗೆ ಹೆದರಿಕೆ ಮಳೆಯದ್ದು. ಆ ಮನೆ ನೀನು ನೋಡಿದ್ದು ಜನವರಿಯಲ್ಲಿ. ನಾವು ನಮ್ಮ ಫ್ಲ್ಯಾಟ್ ನೋಡಿದ್ದೂ ಜನವರಿಯಲ್ಲೇ. ಹೊಸ ಪೇಂಟಿನ ವಾಸನೆಗೇ ಮನಸ್ಸು ಸೋತಿತ್ತು. ಜೂನಿನಲ್ಲಿ ಗಾಳಿಮಳೆ ಶುರುವಾದದ್ದೇ ನೈಋತ್ಯದ ರೂಮಿನ ಗೋಡೆ, ಕಿಟಕಿಯ ಮೂಲೆಯಿಂದ ಒದ್ದೆಯಾಗುತ್ತಾ ಬಂತು. ಕೈಯಿಟ್ಟರೆ ತಣ್ಣಗೆ. ಪೇಂಟು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಆಟಿ ತಿಂಗಳು ಮುಗಿಯುವಷ್ಟರಲ್ಲಿ, ಅಂದರೆ ಆಗಸ್ಟ್ ನಡುವಿನ ಹೊತ್ತಿಗೆ, ಕಪಾಟಿನಲ್ಲಿದ್ದ ನನ್ನ ಧಾರೆ ಸೀರೆಗೆ ಬೂಸಲು ಹಿಡಿದಿತ್ತು. ಬಿಲ್ಡರು ಫೋನೇ ಎತ್ತಲಿಲ್ಲ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರು ಮಾರಾಯ, ಇಲ್ಲಿ ಗೋಡೆಯ ಗುಣ ಗೊತ್ತಾಗುವುದು ಮಳೆಗಾಲದಲ್ಲಿ ಮಾತ್ರ.

ನೀರಿನ ಗುಣ ಗೊತ್ತಾಗುವುದು ಮೇ ತಿಂಗಳಲ್ಲಿ. 2019ರಲ್ಲಿ ತುಂಬೆ ಡ್ಯಾಮಿನಲ್ಲಿ ನೀರು ಇಳಿದು ಪೇಟೆಗೆ ರೇಷನ್ ಮಾಡಿ ಬಿಟ್ಟರಲ್ಲ, ಆಗ ನಾವು ಟ್ಯಾಂಕರಿಗೆ ಕಾದು ಕೂತದ್ದು ನಿನಗೂ ನೆನಪಿರಬಹುದು. ಆ ಕಟ್ಟಡದಲ್ಲಿ ಬಾವಿ ಉಂಟಾ, ಬೋರ್‌ವೆಲ್ ಉಂಟಾ ಎಂದು ವಾಚ್‌ಮನ್ ಹತ್ತಿರ ಕೇಳು. ಅವನಷ್ಟು ಸರಿಯಾಗಿ ಬೇರೆ ಯಾರೂ ಹೇಳುವುದಿಲ್ಲ.

ಅದಕ್ಕೇ ಹೇಳುವುದು, ಕಾವೂರೇ ಇಷ್ಟವಾದರೆ ಅಲ್ಲೇ ಒಂದು ವರ್ಷ ಬಾಡಿಗೆಗೆ ಇರು. ಆಫೀಸಿನವರು ನಿನ್ನನ್ನು ಬೆಂಗಳೂರಿಗೆ ಕಳಿಸುತ್ತಾರಾ ಇಲ್ವಾ ಎನ್ನುವುದೂ ಅಷ್ಟರಲ್ಲಿ ಗೊತ್ತಾಗುತ್ತದೆ. ಕೈಯಲ್ಲಿ ಇನ್ನೂ ಎರಡು ಮೂರು ಲಕ್ಷ ಸೇರಿರುತ್ತದೆ. ಹೆರಿಗೆಯ ಖರ್ಚು ಬೇರೆ ಉಂಟಲ್ಲ, ಇದ್ದದ್ದನ್ನೆಲ್ಲ ಈಗಲೇ ಬರಿದು ಮಾಡಬೇಡ.

ಖಾತೆ (ಪಾಲಿಕೆಯ ಆಸ್ತಿ ದಾಖಲೆ), ಇಸಿ (ಆಸ್ತಿಯ ಮೇಲೆ ಸಾಲ, ಋಣ ಉಂಟಾ ಎಂದು ತೋರಿಸುವ ಪತ್ರ), ಓಸಿ (ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಒಪ್ಪಿಗೆ ಪತ್ರ) ಮೂರನ್ನೂ ವಕೀಲರಿಗೆ ತೋರಿಸದೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬಾರದು. ಬೇರೆಯವರು ತೆಗೆದುಕೊಂಡುಬಿಡುತ್ತಾರೆ ಎಂದು ಬ್ರೋಕರ್ ಹೇಳಿದರೆ ತೆಗೆದುಕೊಳ್ಳಲಿ.

ಅಕ್ಕನ ಹತ್ತಿರ ನಾನೇ ಮಾತಾಡುತ್ತೇನೆ. ಜೂನಿನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದಾಗ ಫೋನು ಮಾಡು. ಕೊಡೆ ಹಿಡಿದು ಇಬ್ಬರೂ ಹೋಗಿ ಆ ಕಾವೂರಿನ ಫ್ಲ್ಯಾಟಿನ ಗೋಡೆ ಮುಟ್ಟಿ ನೋಡೋಣ.

ನಿನ್ನ ಚಿಕ್ಕಮ್ಮ