ಮಳೆ ವಿಷಯ ಬೇಡ

ಚಿಕ್ಕಮಗಳೂರು

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಕಣ್ಣಿನ ಆಪರೇಷನ್ ಆಗಿರೋದರಿಂದ ನಿಮ್ಮಮ್ಮನಿಗೆ ನಿನ್ನ ಪತ್ರವನ್ನು ನಾನೇ ಓದಿ ಹೇಳಿದೆ. ಕೊನೆಯ ಸಾಲು ಮಾತ್ರ ಓದಲಿಲ್ಲ. ‘ಇನ್ನು ಮೇಲೆ ಊರಿನ ವಿಷಯ ಬಾಯೇ ಬಿಡಲ್ಲ ಮಾವ.’ ಆ ಸಾಲು ನನ್ನ ನಿದ್ದೆ ಕೆಡಿಸಿತು.

ಮ್ಯಾಚ್ ಮುಗಿದ ಮೇಲೆ ಯಾರೋ ಕೇಳಿದ್ದಕ್ಕೆ ನಮ್ಮೂರ ಮೈದಾನದಲ್ಲಿ ಗುಂಡಿಗಳಿದ್ದವು ಅಂದೆ, ಜನ ಬೈದರು. ಬೈದದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಫುಟ್‌ಬಾಲ್ ಆಡೋಕೆ ಪೋರ್ಚುಗಲ್‌ಗೆ ಹೋಗಿ ಆರು ತಿಂಗಳಾಗಿಲ್ಲ, ಆಗಲೇ ಉಂಡ ಮನೆ ಜಂತೆ ಎಣಿಸ್ತಾನೆ ಅಂದರು. ಅನ್ನಲಿ. ಶಾಮಿಯಾನದ ಗೂಟ ಕಿತ್ತ ಗುಂಡಿಗೆ ಕಾಲು ಹೋಗಿ ನಿನ್ನ ಪಾದ ಉಳುಕಿದ ದಿನ, ಸ್ಕೂಟರ್ ಹಿಂದೆ ಕೂರಿಸಿಕೊಂಡು ಬಂದವನು ನಾನು. ಗುಂಡಿ ಇತ್ತು ಅಂದೆ. ಇತ್ತಲ್ಲ!

ಬಾಯಿ ಬಿಡಲ್ಲ ಅಂದೆಯಲ್ಲ, ಅದಕ್ಕೆ ಹೆದರಿದೆ.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತದ ಮ್ಯಾಚ್ ನೋಡೋಕೆ ಬಂದವರು ಬರೀ 2,569 ಜನ. ಆಗಿನ ಕ್ಯಾಪ್ಟನ್ ಸುನಿಲ್ ಛೆಟ್ರಿ ವಿಡಿಯೊ ಮಾಡಿ ಕೇಳಿಕೊಂಡ. ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬನ್ನಿ ಅಂದ. ಕೀನ್ಯಾ ಜೊತೆಗಿನ ಮ್ಯಾಚಿಗೆ ಟಿಕೆಟ್ಟೆಲ್ಲ ಖಾಲಿ. ಆದರೆ ಅವನು ಹೇಳಿದ್ದು ಇಲ್ಲೇ ನಿಂತು. 2012ರಲ್ಲಿ ಅವನೂ ನಿನ್ನ ಹಾಗೆ ಪೋರ್ಚುಗಲ್‌ಗೆ ಹೋಗಿದ್ದ, ಸ್ಪೋರ್ಟಿಂಗ್ ಕ್ಲಬ್ಬಿನ ಬಿ ಟೀಮಿಗೆ. ಇದೇ ಮಾತನ್ನು ಅಲ್ಲಿಂದ ಹೇಳಿದ್ದರೆ? ಅವನಿಗೂ ಜಂತೆಯ ಗಾದೆಯೇ ಗತಿ ಅಂತ ನನ್ನ ಲೆಕ್ಕ.

ಟರ್ಕಿ ಮೂಲದ ಫುಟ್‌ಬಾಲ್ ಆಟಗಾರ ಓಝಿಲ್‌ನ ಕಥೆ ಇನ್ನೊಂದು ತರಹ. ಹುಟ್ಟಿ ಬೆಳೆದದ್ದು ಜರ್ಮನಿಯಲ್ಲೇ, 2014ರ ವಿಶ್ವಕಪ್ ಗೆದ್ದ ಟೀಮಿನಲ್ಲಿದ್ದವನು. ಟರ್ಕಿಯ ಅಧ್ಯಕ್ಷರ ಜೊತೆ ಒಂದು ಫೋಟೊಕ್ಕೆ ನಿಂತದ್ದಕ್ಕೆ ಮುಗಿಬಿದ್ದರು. ಗೆದ್ದರೆ ಜರ್ಮನ್, ಸೋತರೆ ವಲಸೆ ಬಂದವನು ಅಂತ ಹೇಳಿ 2018ರಲ್ಲಿ ದೇಶದ ಟೀಮನ್ನೇ ಬಿಟ್ಟ. ಅಂದರೂ ಅವನು ಹೇಳಿಯೇ ಹೋದ ನೋಡು.

ನಾನು ಹೇಳಲಿಲ್ಲ.

ಕುವೈತ್‌ನಿಂದ ಮೊದಲ ಸಲ ರಜಕ್ಕೆ ಬಂದಾಗ, ಕಾಫಿ ಒಣಗಿಸೋ ಕಣಕ್ಕೆ ಸಿಮೆಂಟ್ ಹಾಕಿಸೋಣ ಅಂದೆ. ‘ಕುವೈತ್ ಸಾಹುಕಾರ್ರಿಗೆ ನಮ್ಮ ಕಣ ಹಿಡಿಸಲ್ಲ’ ಅಂದರು ಅಪ್ಪಯ್ಯ. ಊಟಕ್ಕೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಮುಂದಿನ ರಜದಲ್ಲಿ ತೋಟಕ್ಕೆ ಹೋದರೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸೋದು, ವಿಪರೀತ ಮಾಡಿಸಿದ್ದರು. ಅರೇಬಿಕಾ ಕಾಫಿ ಗಿಡಗಳ ಕಾಂಡದ ಮೇಲೆ ನೇರ ಬಿಸಿಲು. ಒಂದು ಗಿಡದ ಕಾಂಡ ಸವರಿದೆ. ತೊಗಟೆಯ ಕೆಳಗೆ ಬೆರಳಿಗೆ ಏಣು ಸಿಕ್ಕಿತು, ಮುದುಕರ ಕೈ ನರದ ಹಾಗೆ. ಬೋರರ್, ಕಾಂಡ ಕೊರೆಯೋ ಹುಳ. ಅಂಥ ಗಿಡ ಕಿತ್ತು ಸುಡಬೇಕು ಅಂತ ನನಗೆ ಗೊತ್ತಿತ್ತು. ಮನೆಗೆ ಬಂದು ‘ಈ ಸಲ ಮಳೆ ಹೇಗೆ ಅಪ್ಪಯ್ಯ’ ಅಂದೆ, ಅಷ್ಟೆ.

ಮೂರು ವರ್ಷಕ್ಕೆ ಆ ಇಳಿಜಾರೆಲ್ಲ ಹೋಯಿತು. ‘ನಿನಗೂ ಕಂಡಿರಲಿಲ್ವೇನೋ?’ ಅಂತ ಕೇಳಿದರು. ಇಲ್ಲ ಅಂದೆ. ಅವರು ಹೋಗುವವರೆಗೂ ಆ ಸುಳ್ಳು ಹಾಗೇ ಉಳಿಯಿತು. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ.

ಈಗ ನೀನು ಫೋನ್ ಮಾಡಿದರೆ ಊಟ ಆಯ್ತಾ, ಮಳೆ ಬಂತಾ, ಇಷ್ಟೇ ಕೇಳ್ತೀಯ. ಆ ದನಿ ನನ್ನದೇ ಕಣೋ.

ಬುದ್ಧಿ ಹೇಳೋ ಯೋಗ್ಯತೆ ನನಗೆಷ್ಟಿದೆಯೋ. ಆದರೂ, ಯಾರಾದರೂ ಊರಿನ ಬಗ್ಗೆ ಕೇಳಿದರೆ ಮ್ಯಾಚ್ ಮುಗಿದ ಸುಸ್ತಿನಲ್ಲಿ ಉತ್ತರ ಕೊಡಬೇಡ. ಗುಂಡಿ ವಿಷಯ ಹೇಳುವಾಗ, ದಿನಾ ಸಂಜೆ ಅದಕ್ಕೆ ಮಣ್ಣು ತುಂಬುತ್ತಿದ್ದ ಹುಡುಗರನ್ನೂ ನೆನೆಸಿಕೋ. ಬೈದವರಿಗೆಲ್ಲ ಸುಮ್ನೆ ಜವಾಬು ಬರೀತಾ ಕೂರಬೇಡ. ಇದೆಲ್ಲ ನಿನಗೆ ಗೊತ್ತಿರೋದೇ, ಅಲ್ವಾ? ಚಳಿ ಜಾಸ್ತಿ ಅಂದಿದ್ದೆ, ಕಾಳುಮೆಣಸು ಕಳಿಸಿದ್ದೇನೆ, ಸಾರಿಗೆ ಹಾಕಿಕೋ.

ನಿನ್ನೆ ಸಂಜೆ ಮೈದಾನದ ಕಡೆ ಹೋಗಿದ್ದೆ. ಮತ್ತೆ ಯಾವುದೋ ಸಭೆ ಆಗಿದೆ, ಹೊಸ ಗುಂಡಿಗಳು. ಗೋಲಿನ ಹತ್ತಿರದ್ದಕ್ಕೆ ಒಬ್ಬ ಹುಡುಗ ತೆಂಗಿನ ಸಿಪ್ಪೆ ತುರುಕಿ ಕಾಲಲ್ಲಿ ತುಳೀತಿದ್ದ. ‘ಅವ್ರು ಹೇಳಿದ್ದು ಇದನ್ನೇ ಅಲ್ವಾ?’ ಅಂತ ಕೇಳಿದ. ಹೌದು ಅಂದೆ.

ಭಾನುವಾರ ಫೋನ್ ಮಾಡು. ಮಳೆ ವಿಷಯ ಬೇಡ.

ನಿನ್ನ ಮಾವ