ತಮ್ಮನ ಮಗಳಿಗೆ, ಪ್ರಮಾಣವಚನಕ್ಕೆ ಮುಂಚೆ

ಚಿ. ಕೂಸಿಗೆ ಅತ್ತೆಯ ಆಶೀರ್ವಾದಗಳು. ಸಾಗರದ ಕಡೆ ನಾವೆಲ್ಲ ಕ್ಷೇಮ. ಆಷಾಢದ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಫೋನಿನಲ್ಲಿ ಮಾತು ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೇ ಕಾಗದ ಹಿಡಿದಿದ್ದೇನೆ. ಪೇಟೆಗೆ ಹೋದಾಗ ಫೋಟೊ ತೆಗೆದು ಕಳುಹಿಸುತ್ತೇನೆ, ದೊಡ್ಡದು ಮಾಡಿಕೊಂಡು ಓದು.

ನಿನ್ನ ಧ್ವನಿ ಸಂದೇಶ ಕೇಳಿದೆ. ಅಮೆರಿಕದ ಪೌರತ್ವಕ್ಕೆ ನೀನು ಹಾಕಿದ ಅರ್ಜಿಯ ಸಂದರ್ಶನ ಮುಗಿದಿದೆ. ಇಂಗ್ಲಿಷ್ ಪರೀಕ್ಷೆ, ಆ ದೇಶದ ಇತಿಹಾಸ ಮತ್ತು ಸರ್ಕಾರದ ಪ್ರಶ್ನೆಗಳು ಎಲ್ಲವನ್ನೂ ದಾಟಿದ್ದೀಯ. ಅಧಿಕಾರಿ ಮಂಜೂರಾತಿಗೆ ಶಿಫಾರಸು ಮಾಡಿದ್ದಾರೆ, ಪ್ರಮಾಣವಚನದ ನೋಟಿಸು ಮಾತ್ರ ಬಂದಿಲ್ಲ. ನಿನ್ನ ಬಳಿಕ ಸಂದರ್ಶನಕ್ಕೆ ಹೋದ ಗೆಳತಿ ಅದೇ ದಿನ ಪ್ರಮಾಣ ಮಾಡಿ ಮನೆಗೆ ಬಂದಳು, ನನ್ನದಕ್ಕೆ ಏನೋ ಆಗಿದೆ ಎಂದು ದಿನವಿಡೀ ಮೊಬೈಲ್ ತಿಕ್ಕುತ್ತಿದ್ದೀಯಂತೆ.

ಏನೂ ಆಗಿಲ್ಲ. ಕಂದಾಯ ಇಲಾಖೆಯಲ್ಲಿ ತಲೆಗೂದಲು ಹಣ್ಣಾಗುವವರೆಗೆ ಕಡತ ಕಟ್ಟಿದವಳು ಹೇಳುತ್ತಿದ್ದೇನೆ, ಕೇಳು. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ನಡುವೆ ಅರ್ಜಿದಾರರಿಗೆ ತಿಳಿಸುವಂಥದ್ದು ಏನೂ ಇರುವುದಿಲ್ಲ. ತಿರಸ್ಕರಿಸುವುದಿದ್ದರೆ ಕಾರಣ ಬರೆದು ಕಳುಹಿಸಬೇಕು. ಅದು ಮಂಜೂರು ಮಾಡುವುದಕ್ಕಿಂತ ಹೆಚ್ಚು ಕೆಲಸ, ಯಾವ ದೇಶದ ಗುಮಾಸ್ತನೂ ಸುಮ್ಮನೆ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ತಡಕ್ಕೆ ಕಾರಣ ನಿನ್ನ ಅರ್ಜಿಯಲ್ಲೇ ಇದೆ. ನೀನು ಇಲ್ಲಿಂದ ಹೋಗುವಾಗ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇತ್ತು. ಅಲ್ಲಿನವರು ನಿನ್ನ ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆದರು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥವಂತೆ. ಹೆತ್ತವರು ಶಾಸ್ತ್ರ ಮಾಡಿ, ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು ಅವರಿಗೆ ಗೊತ್ತಿಲ್ಲವಂತೆ! ಅದನ್ನು ಸರಿಪಡಿಸಲು ಪೌರತ್ವದ ಅರ್ಜಿಯಲ್ಲೇ ಹೆಸರು ಬದಲಾವಣೆ ಕೇಳಿದ್ದೀಯ. ಕೇಳಿದ್ದು ಸರಿ. ಆದರೆ ಹಾಗೆ ಕೇಳಿದವರ ಪ್ರಮಾಣವಚನ ಅಲ್ಲಿನ ವಲಸೆ ಇಲಾಖೆಯ ಕಚೇರಿಯಲ್ಲಿ ಆಗುವುದಿಲ್ಲ, ನ್ಯಾಯಾಲಯದಲ್ಲಿ ಆಗಬೇಕು, ಏಕೆಂದರೆ ಹೆಸರು ಬದಲಿಸುವ ಅಧಿಕಾರ ನ್ಯಾಯಾಲಯಕ್ಕೆ ಸೇರಿದ್ದು. ನ್ಯಾಯಾಲಯ ಅದಕ್ಕೆಂದು ದಿನ ಗೊತ್ತುಮಾಡುವವರೆಗೆ ಕಾಯಬೇಕು. ನಿನ್ನ ಗೆಳತಿಗೆ ಆ ಗೊಡವೆ ಇರಲಿಲ್ಲ, ಅದೇ ದಿನ ಮುಗಿಯಿತು. ಅವಳ ಸಾಲಿನಲ್ಲಿ ನೀನು ನಿಂತೇ ಇಲ್ಲ, ಹೋಲಿಸಿಕೊಂಡು ಏಕೆ ಸೊರಗುತ್ತೀಯ?

ನೋಟಿಸು ಬಂದಾಗ ಅದರ ಜೊತೆ ಒಂದು ಪ್ರಶ್ನಾವಳಿ ಇರುತ್ತದೆ. ಸಂದರ್ಶನದ ನಂತರ ದೇಶದ ಹೊರಗೆ ಹೋಗಿದ್ದೆಯಾ, ಮದುವೆ ಅಥವಾ ವಿಚ್ಛೇದನ ಆಯಿತೇ, ಯಾವುದಾದರೂ ಅಪರಾಧಕ್ಕೆ ದಂಡ ಬಿತ್ತೇ, ಇಂಥವು. ಪ್ರಮಾಣವಚನದ ದಿನವೇ ತುಂಬಿ ಕೊಡಬೇಕು. ನಿಜವನ್ನೇ ಬರೆ, ವೇಗಮಿತಿ ಮೀರಿದ್ದಕ್ಕೆ ಕೊಟ್ಟ ಚೀಟಿಯಾದರೂ ಬಚ್ಚಿಡಬೇಡ. ಅಂದು ಗ್ರೀನ್ ಕಾರ್ಡ್ ವಾಪಸು ತೆಗೆದುಕೊಳ್ಳುತ್ತಾರೆ, ಅದನ್ನು ಎಲ್ಲೋ ಇಟ್ಟು ಆ ಬೆಳಿಗ್ಗೆ ಹುಡುಕುವಂತಾಗಬಾರದು. ಪ್ರಮಾಣಪತ್ರ ಕೈಗೆ ಬಂದೊಡನೆ ಹೆಸರು, ಹುಟ್ಟಿದ ದಿನಾಂಕ ಎರಡನ್ನೂ ಅಕ್ಷರ ಅಕ್ಷರವಾಗಿ ಓದಿಕೊಂಡೇ ಹೊರಗೆ ಬಾ. ಸಭಾಂಗಣದೊಳಗೆ ತೋರಿಸಿದ ತಪ್ಪು ಬೇಗ ತಿದ್ದಿಸಿಕೊಳ್ಳಬಹುದು. ಹೊರಗೆ ಬಂದ ಮೇಲೆ ಅದಕ್ಕೇ ಇನ್ನೊಂದು ಅರ್ಜಿ, ಮತ್ತೆ ಕಾಯುವುದು. ಇನ್ನೊಂದು ಮಾತು: ಅಲ್ಲಿ ಚಾಲನಾ ಪರವಾನಗಿಯ ಕಚೇರಿಯಲ್ಲಿ ಮತದಾರರಾಗಿ ನೋಂದಾಯಿಸಬೇಕೇ ಎಂದು ಕೇಳುವುದುಂಟು. ಪ್ರಮಾಣವಚನ ಆಗುವವರೆಗೆ ಒಪ್ಪಬೇಡ. ಪೌರರಲ್ಲದವರು ಅದಕ್ಕೆ ಸಹಿ ಹಾಕಿದರೆ ಇಡೀ ಅರ್ಜಿಗೇ ಕುತ್ತು.

ನೀನು ಅಮ್ಮನಿಗೆ ಶ್ರಾವಣದಲ್ಲಿ ಬರುತ್ತೇನೆ ಎಂದಿದ್ದೀಯಂತೆ. ದಯವಿಟ್ಟು ಬೇಡ. ನೋಟಿಸು ಬಂದಾಗ ನೀನು ಇಲ್ಲಿದ್ದರೆ ಇನ್ನೊಂದು ದಿನಾಂಕ ಕೇಳಬೇಕಾಗುತ್ತದೆ. ಒಂದಕ್ಕಿಂತ ಹೆಚ್ಚು ಸಲ ಕಾರಣವಿಲ್ಲದೆ ತಪ್ಪಿಸಿಕೊಂಡರೆ ಅರ್ಜಿಯನ್ನೇ ಕೈಬಿಟ್ಟಿದ್ದೀಯ ಎಂದು ತಿಳಿಯುತ್ತಾರೆ. ಪ್ರಮಾಣವಚನವಾದ ಮೇಲೆ ಹೊರಡುವುದೂ ಸುಲಭವಲ್ಲ. ನಮ್ಮ ಪಾಸ್‌ಪೋರ್ಟ್ ಬಳಸುವಂತಿಲ್ಲ, ಅಲ್ಲಿನದು ಇನ್ನೂ ಬಂದಿರುವುದಿಲ್ಲ. ಅದು ಬಂದ ಮೇಲೆ ನಮ್ಮದನ್ನು ಒಪ್ಪಿಸಬೇಕು, ಆಮೇಲೆ ಓಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡಿಗೆ ಅರ್ಜಿ ಹಾಕಬೇಕು. ದೊಡ್ಡಹಬ್ಬಕ್ಕೂ, ದೀಪಾವಳಿಗೂ ಬರುತ್ತೇನೆಂದು ಮಾತು ಕೊಡಬೇಡ. ಯಾರಿಗಾದರೂ ಹುಷಾರು ತಪ್ಪಿ ಅನಿವಾರ್ಯವಾದರೆ ದೂತಾವಾಸದವರು ತುರ್ತು ವೀಸಾ ಕೊಡುತ್ತಾರೆ. ಅಡಿಕೆ ಕೊಯ್ಲಿನ ಹೊತ್ತಿಗೆ ಬರುತ್ತೇನೆ ಎಂದು ಹೇಳು, ಅದು ಆದೀತು.

ಕಾಯುವುದರ ಬಗ್ಗೆ ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಶರಾವತಿಯ ಹಿನ್ನೀರಿನಲ್ಲಿ ಮನೆಮಠ ಕಳೆದುಕೊಂಡವರನ್ನು ಕಾಡಿನ ಅಂಚಿಗೆ ತಂದುಬಿಟ್ಟರು. ಎಷ್ಟೋ ಕಡೆ ಆ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅದನ್ನು ಬಿಡಿಸಿಕೊಡುವುದು ರಾಜ್ಯದ ಕೈಯಲ್ಲೂ ಇಲ್ಲ. ಅಜ್ಜ ಕೊಟ್ಟ ಅರ್ಜಿಯ ನಕಲು ಹಿಡಿದು ಮೊಮ್ಮಗ ನನ್ನ ಮೇಜಿನ ಮುಂದೆ ನಿಂತದ್ದುಂಟು. ಮಡಿಕೆಯಲ್ಲಿ ಹರಿದು ಅಂಟುಪಟ್ಟಿ ಹಚ್ಚಿದ ಕಾಗದ, ಮೇಲೊಂದು ಗೊಬ್ಬರ ಚೀಲದ ಒಳಕವರು. ಹಕ್ಕುಪತ್ರ ಯಾವಾಗ ಎಂದು ಕೇಳಿದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ನಿನಗಾದರೋ, ಸಂದರ್ಶನವಾಗಿ 120 ದಿನಗಳಲ್ಲಿ ಇಲಾಖೆ ತೀರ್ಮಾನವನ್ನೇ ಕೊಡದಿದ್ದರೆ ಫೆಡರಲ್ ನ್ಯಾಯಾಲಯದ ಬಾಗಿಲು ತಟ್ಟಲು ಅಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ. ನಿನ್ನ ತಳಮಳ ಸುಳ್ಳು ಎನ್ನುತ್ತಿಲ್ಲ. ಆದರೆ ಅದನ್ನು ಇಲ್ಲಿ ಎಲ್ಲರೆದುರು ಆಡಬೇಡ, ಕೇಳುವವರಲ್ಲಿ ಮುಳುಗಡೆಯವರೂ ಇರುತ್ತಾರೆ.

ಇನ್ನು ನಾನು ಕಾಗದ ಹಿಡಿದ ಮುಖ್ಯ ವಿಷಯ. ನಿನ್ನಪ್ಪನಿಗೆ ನೀನು ಇನ್ನೂ ಸರಿಯಾಗಿ ಹೇಳಿಲ್ಲ. ‘ಅಲ್ಲಿನ ಪಾಸ್‌ಪೋರ್ಟ್ ಸಿಗುತ್ತದೆ’ ಎಂದಷ್ಟೇ ಹೇಳಿದ್ದೀಯ. ಅವನು ಅದನ್ನು ಇನ್ನೊಂದು ಕಾರ್ಡು ಎಂದು ತಿಳಿದುಕೊಂಡಿದ್ದ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಎರಡನ್ನೂ ಇಟ್ಟುಕೊಳ್ಳಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಇದನ್ನು ಯಾರೋ ಸೊಸೈಟಿಯ ಕಟ್ಟೆಯ ಮೇಲೆ ಅವನಿಗೆ ಹೇಳಿದ್ದಾರೆ.

ಮೊನ್ನೆ ಹೋದಾಗ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ತಯಾರು ಮಾಡುತ್ತಿದ್ದ. ಮರ ಹತ್ತುವ ಕೊನೆಗೌಡ ಮಳೆ ಹೊಳವಾಗಲಿ ಎಂದು ಜಗಲಿಯಲ್ಲಿ ಕೂತಿದ್ದ. ನಿನ್ನಪ್ಪ ಮೈಲುತುತ್ತದ ನೀರಿಗೆ ಸುಣ್ಣದ ನೀರು ಹೊಯ್ದು ಕೋಲಿನಿಂದ ತಿರುವಿ, ಹಳೆಯ ಚಾಕುವನ್ನು ಅದ್ದಿ ತೆಗೆದ. ಅಲಗಿಗೆ ಕೆಂಪು ಹತ್ತಿತ್ತು. ಇನ್ನೊಂದು ಚೊಂಬು ಸುಣ್ಣ ಹಾಕಿ ಮತ್ತೆ ಅದ್ದಿದ. ಅಲಗಿನಿಂದ ಕಣ್ಣು ತೆಗೆಯದೆ ಕೇಳಿದ: ‘ಅಕ್ಕಾ, ಇನ್ನು ಅವಳು ಮನೆಗೆ ಬರಬೇಕಾದರೆ ಯಾರದೋ ಅನುಮತಿ ಕೇಳಬೇಕೇ?’

ಓಸಿಐ ಕಾರ್ಡ್ ಇದ್ದರೆ ಬೇಕಿಲ್ಲ, ಅದು ಆಜೀವ ವೀಸಾ ಎಂದೆ. ಮತದಾನವಿಲ್ಲ, ಸರ್ಕಾರಿ ನೌಕರಿಯಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಉಳಿದಂತೆ ಬಂದು ಇಷ್ಟು ದಿನ ಇರುತ್ತೇನೆ ಎಂದರೂ ಇರಬಹುದು ಎಂದೆ. ತಲೆಯಾಡಿಸಿದ. ಆದರೆ ಅವನು ಕೇಳಿದ್ದು ನನ್ನನ್ನಲ್ಲ, ನಿನ್ನನ್ನು. ನನ್ನ ದೊಡ್ಡ ಮಗ ತನ್ನ ಪ್ರಮಾಣವಚನವಾಗಿ ತಿಂಗಳುಗಳು ಕಳೆದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಹೇಳಿದ. ನಾನು ಜಗಳವಾಡಲಿಲ್ಲ. ಆದರೆ ಮೊದಲೇ ಹೇಳಿದ್ದರೆ ಅವತ್ತು ಬೆಳಿಗ್ಗೆ ದೇವರ ಮುಂದೆ ಒಂದು ದೀಪ ಹಚ್ಚುತ್ತಿದ್ದೆ, ಅಷ್ಟೇ. ಕಚೇರಿ ನಿನಗೆ ಕೊಟ್ಟಿರುವ ಈ ವಾರಗಳನ್ನು ಅದಕ್ಕೆ ಬಳಸಿಕೋ. ನೀನಾಗಿ ನಿರ್ಧರಿಸಿದ್ದೀಯ, ಏಕೆ ಎಂಬುದನ್ನೂ ಹೇಳು. ಮಕ್ಕಳ ಓದು, ನಿನ್ನ ಕೆಲಸದ ಭದ್ರತೆ ಏನಿದೆಯೋ ಅದನ್ನೇ ಹೇಳು. ‘ಬರೀ ಕಾಗದ ಅಪ್ಪಾ’ ಎಂದು ಮಾತ್ರ ಹೇಳಬೇಡ. ಕಾಗದ ಎಂದರೇನು ಎಂಬುದು ತೋಟದವನಿಗೆ ನಿನಗಿಂತ ಚೆನ್ನಾಗಿ ಗೊತ್ತು.

ತೋಟದ ಮಾತನ್ನೂ ಅವನೇ ಎತ್ತುತ್ತಾನೆ, ಸಿದ್ಧವಾಗಿರು. ಮಗಳು ಪ್ರಮಾಣ ಮಾಡುವ ಮೊದಲೇ ಅವಳ ಪಾಲನ್ನು ದಾನಪತ್ರ ಮಾಡಿಬಿಡು, ಆಮೇಲೆ ಅವಳಿಗೆ ಹಕ್ಕಿಲ್ಲ ಎಂದು ಅವನ ತಲೆಗೆ ಯಾರೋ ಹುಳ ಬಿಟ್ಟಿದ್ದಾರೆ. ಶುದ್ಧ ತಪ್ಪು. ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತಿಲ್ಲ ಎಂಬ ವಿದೇಶಿ ವಿನಿಮಯದ ನಿಯಮ ಅನಿವಾಸಿ ಭಾರತೀಯರಿಗೂ ಇದೆ. ಅಂದರೆ ಈಗಲೇ ನಿನಗೆ ಅನ್ವಯಿಸುತ್ತಿದೆ, ಪ್ರಮಾಣವಚನಕ್ಕೂ ಅದಕ್ಕೂ ಸಂಬಂಧವಿಲ್ಲ. ವಾರಸಾಗಿ ಬರುವುದಕ್ಕೆ ಈಗಲೂ ಅಡ್ಡಿಯಿಲ್ಲ, ಓಸಿಐ ಆದ ಮೇಲೂ ಅಡ್ಡಿಯಿಲ್ಲ. ಮುಂದೆ ಮಾರುವುದಾದರೆ ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು. ನಿನ್ನ ತಮ್ಮ ಹಾಗೆ ಯೋಚಿಸುವವನಲ್ಲ, ಆದರೂ ಹೇಳಿಡುತ್ತೇನೆ: ಪರದೇಶದ ಪ್ರಜೆಯಾದೆ ಎಂಬ ಕಾರಣಕ್ಕೆ ನಿನ್ನ ಪಾಲು ಹೋಗುವುದಿಲ್ಲ. ಅವಸರದಲ್ಲಿ ಯಾವ ಪತ್ರವನ್ನೂ ಬರೆಸಬೇಡಿ.

ಒಂದು ಎಚ್ಚರಿಕೆ ಮಾತ್ರ ಉಂಟು. ಹೆಸರು ಬದಲಾದ ಮೇಲೆ ಅಲ್ಲಿನ ಪಾಸ್‌ಪೋರ್ಟಿನಲ್ಲಿ ಒಂದು, ಇಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಎಂದಾಗುತ್ತದೆ. ಮುಂದೆ ಎಂದಾದರೂ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಕೊಡುವಾಗ, ಇಬ್ಬರೂ ಒಬ್ಬಳೇ ಎಂದು ತೋರಿಸಬೇಕಾಗುತ್ತದೆ. ಎರಡು ಹೆಸರಿಗೂ ನಡುವಿನ ಕೊಂಡಿ ನ್ಯಾಯಾಲಯದ ಆ ಆದೇಶ. ಅದರ ದೃಢೀಕೃತ ಪ್ರತಿಗಳನ್ನು ಅಂದೇ ಕೇಳಿ ತೆಗೆದುಕೋ, ಒಂದು ನನ್ನ ಬಳಿ ಇರಲಿ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿದಾಗ ರದ್ದತಿಯ ಮುದ್ರೆ ಒತ್ತಿ ವಾಪಸು ಕೊಡುತ್ತಾರೆ, ಜೊತೆಗೊಂದು ಪ್ರಮಾಣಪತ್ರ ಬರುತ್ತದೆ. ಅವನ್ನೂ ಎಸೆಯಬೇಡ.

ಊರಿನ ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಇನ್ನೂ ಇದೆ, ಹೋದ ಚುನಾವಣೆಯಲ್ಲಿ ನಾನೇ ನೋಡಿದ್ದೇನೆ. ಪ್ರಮಾಣವಚನವಾದ ಮೇಲೆ ಫಾರಂ 7 ಹಾಕಿ ತೆಗೆಸಿಬಿಡು, ಆನ್‌ಲೈನಿನಲ್ಲಿ ನೀನೇ ಹಾಕಬಹುದು. ನಿನ್ನಪ್ಪನಿಗೆ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ನಿನಗೆ ಅದು ಶನಿವಾರ ರಾತ್ರಿ, ಫೋನ್ ಮಾಡು. ಮಾಡುವ ಮೊದಲು ನನಗೊಂದು ಮಿಸ್ಡ್ ಕಾಲ್ ಕೊಡು. ಅವನ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಮೇಲಿನ ಕಣದಲ್ಲಿ ಮಾತ್ರ, ಅಲ್ಲಿಗೆ ಹೋಗಿ ನಿಲ್ಲು ಎಂದು ನಾನು ಹೇಳಿ ಕಳುಹಿಸುತ್ತೇನೆ.

ಇಂತಿ ಆಶೀರ್ವಾದಗಳು,
ನಿನ್ನ ಅತ್ತೆ