ಸಚಿವರೇ, ಮೊದಲು ತಂಡ ಬೆರೆಸಿ

ಮಾನ್ಯ ಯುವಜನ ಮತ್ತು ಕ್ರೀಡಾ ಸಚಿವರಿಗೆ,

ನಮಸ್ಕಾರ. ಈ ವರ್ಷದ ಸೌಹಾರ್ದ ಪಂದ್ಯಾವಳಿಯೂ ಮುಗಿಯಿತು. ಎಂದಿನಂತೆ ಈ ಸಮುದಾಯದ್ದೊಂದು ತಂಡ, ಆ ಸಮುದಾಯದ್ದೊಂದು ತಂಡ, ಕೊನೆಗೆ ಕೈಕುಲುಕಿಸಿ ಫೋಟೊ. ಗೋಲು ಹೊಡೆದ ಹುಡುಗನಿಗೆ ಗ್ಯಾಲರಿಯಿಂದ ಕೋತಿಯ ಕೂಗು ಕೇಳಿಬಂದಾಗ ರೆಫ್ರಿ ಗಡಿಯಾರ ನೋಡಿಕೊಂಡರು. ಬಹುಮಾನ ವಿತರಣೆ ಮಾತ್ರ ಒಂದು ನಿಮಿಷವೂ ತಡವಾಗಲಿಲ್ಲ.

ನಿಯಮ ತಮಗೆ ಗೊತ್ತಿಲ್ಲದ್ದೇನಲ್ಲ. ಇಂಥ ಜನಾಂಗೀಯ ನಿಂದನೆ ಕೇಳಿಬಂದರೆ, ಫುಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಫಾ ಪ್ರಕಾರ ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಸಬೇಕು. ಮತ್ತೆ ಕೂಗಿದರೆ ಆಟಗಾರರನ್ನು ಒಳಗೆ ಕಳಿಸಬೇಕು. ಆಗಲೂ ನಿಲ್ಲದಿದ್ದರೆ ಪಂದ್ಯ ರದ್ದು. ಮೈಕೇನೋ ಇತ್ತು, ಸ್ವಾಗತ ಭಾಷಣಕ್ಕೆ.

ತಂಡ ಬೆರೆಸಿ ಸ್ವಾಮಿ. ಉತ್ತರ ಪ್ರದೇಶದ ಕ್ರಿಕೆಟ್ ಲೀಗ್‌ಗಳ ಬಗ್ಗೆ ಸಂಶೋಧಕ ಮ್ಯಾಟ್ ಲೋವ್ 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಬೆಳೆಯಿತು, ಎದುರಾಳಿಗಳಾದವರಲ್ಲಿ ಒಡನಾಟವೇ ತಗ್ಗಿತು. ನಾವು ವರ್ಷಾವರ್ಷ ದುಡ್ಡು ಸುರಿಯುತ್ತಿರುವುದು ಎರಡನೆಯದಕ್ಕೆ.

ಬೆರೆಸುವುದು ಕಷ್ಟವಲ್ಲ. ಸಮುದಾಯಕ್ಕೊಂದು ಡಬ್ಬಿ, ಸರದಿಯಂತೆ ಚೀಟಿ ಎತ್ತಿ. ಯಾವ ತಂಡದಲ್ಲೂ ಒಂದು ಸಮುದಾಯದವರು ಮೂವರಿಗಿಂತ ಕಡಿಮೆ ಇರಬಾರದು. ಒಬ್ಬನೇ ಆದರೆ ಅವನು ಬಾಲ್ ಹೆಕ್ಕುವುದಕ್ಕೇ ಮೀಸಲು. ಪಂದ್ಯಕ್ಕೊಬ್ಬ ಕ್ಯಾಪ್ಟನ್. ವಾರಕ್ಕೆರಡು ಅಭ್ಯಾಸ, ಕನಿಷ್ಠ 10 ವಾರ. ನೀರು ಕುಡಿಯುವ ಬಿಡುವಿನ ಮೇಲೆ ಕಣ್ಣಿಡಿ: ಅಲ್ಲಿಯವರೆಗೆ ಪಾಸ್ ಕೊಡುತ್ತಿದ್ದ ಮಕ್ಕಳು ಬೆಂಚಿನ ಎರಡು ತುದಿಗೆ ಸರಿದು, ನಡುವೆ ಬ್ಯಾಗುಗಳ ಗೋಡೆ ಎದ್ದಿರುತ್ತದೆ. ಬೇರೆ ಬೇರೆ ಸಮುದಾಯದ ಮಕ್ಕಳನ್ನು ಜೋಡಿ ಮಾಡಿದ್ದು ಅಭ್ಯಾಸಕ್ಕೆ ಮಾತ್ರವಾದರೆ ಹೀಗೇ. ಬಿಡುವಿನಲ್ಲೂ ಅದೇ ಜೋಡಿ ಇರಲಿ, ಬಾಟಲಿ ಇಬ್ಬರಿಗೊಂದು.

ಸಾಂಸ್ಕೃತಿಕ ಕಾರ್ಯಕ್ರಮದ್ದೂ ಅದೇ ಹಾಡು. ಸಮುದಾಯಕ್ಕೊಂದು ಕುಣಿತ ಎಂದರೆ ಅದು ವೇಷಭೂಷಣ ಪ್ರದರ್ಶನ, ತೆರೆಯ ಹಿಂದೆ ಎರಡು ಗ್ರೀನ್ ರೂಮು. ಒಂದೇ ನಾಟಕವನ್ನು ಕೂಡಿ ಬರೆಸಿ, ಕೂಡಿ ಆಡಿಸಿ. ಅವಮಾನ ಉಂಡ ಹುಡುಗನ ಕೈಯಲ್ಲೇ ಆ ಅವಮಾನದ ಅಭಿನಯ ಮಾಡಿಸಬೇಡಿ. ಚಪ್ಪಾಳೆ ನಿಂತ ಮೇಲೆ ಅವನು ಅದೇ ತರಗತಿಗೆ ಮರಳಬೇಕು.

ಇಷ್ಟರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುತ್ತಿಲ್ಲ. ಇರಾಕಿನಲ್ಲಿ ಕ್ರೈಸ್ತರು, ಮುಸ್ಲಿಮರು ಒಂದೇ ತಂಡದಲ್ಲಿ ಫುಟ್‌ಬಾಲ್ ಆಡಿದ್ದನ್ನು ಸಂಶೋಧಕಿ ಸಲ್ಮಾ ಮೂಸಾ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ತಂಡದೊಳಗೆ ನಡವಳಿಕೆ ಬದಲಾಯಿತು, ಮೈದಾನದಾಚೆ ಅಷ್ಟಾಗಿ ಇಲ್ಲ. ಹಾಗಾಗಿ ಲೀಗ್ ಮುಗಿದ ಮಾರನೇ ದಿನ ಮೈದಾನಕ್ಕೆ ಬೀಗ ಜಡಿಯಬೇಡಿ. ಆದರೆ ಒಳಗಿನದೇ ಆಗದೆ ಹೊರಗಿನದು ಎಲ್ಲಿಂದ ಬರಬೇಕು?

ಮುಂದಿನ ಸುತ್ತೋಲೆಯಲ್ಲಿ ಒಂದೇ ಸಾಲು ಸೇರಿಸಿ: ಸಮುದಾಯವಾರು ತಂಡಗಳಿಗೆ ಪ್ರವೇಶವಿಲ್ಲ. ತಂಡ ಬೆರೆಸಿ. ಫೋಟೊ ಆಮೇಲೆ ತೆಗೆಸೋಣ.

ಇಂತಿ,
ಯುವ ತಂಡಗಳ ತರಬೇತುದಾರರು ಮತ್ತು ರಂಗಶಿಕ್ಷಕರು